ಒಂಬತ್ತು ಬಣ್ಣದ ಗುಂಡಿಗಳು

“ಯಂತ್ರ ಕೆಟ್ಟಿರ್ಬೇಕು ಅಕ್ಕ” ಎಂದು ಸೆಕೆಂಡಮ್ಮ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಹದಿನೇಳು ವರ್ಷಗಳಿಂದ ಆ ಯಂತ್ರವನ್ನು ನೋಡಿಕೊಂಡು ಬಂದವಳು ನಾನು. ನನ್ನ ಅಡುಗೆಯ ಬಗ್ಗೆ ಏನು ಬೇಕಾದರೂ ಹೇಳಿ, ನನ್ನ ಗಂಡ ದಿನಾ ಹೇಳುತ್ತಾನೆ, ನಾನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಯಂತ್ರದ ವಿಷಯಕ್ಕೆ ಮಾತ್ರ ಯಾರೂ ಬರಬಾರದು.

ವ್ಯಾಯಾಮ ಮಾಡುವಾಗ ಮನುಷ್ಯನ ದೇಹ ಹೇಗೆ ನಡೆದುಕೊಳ್ಳುತ್ತದೆ ಎಂದು ಅಳೆಯುವುದು ನಮ್ಮ ಪ್ರಯೋಗಾಲಯದ ಕೆಲಸ. ಉದ್ದನೆಯ ಕೋಣೆ, ಕಿಟಕಿಯ ಕಡೆಗೆ ಮುಖ ಮಾಡಿದ ಟ್ರೆಡ್‌ಮಿಲ್, ಅದರ ಪಕ್ಕದಲ್ಲಿ ನನ್ನ ಯಂತ್ರ. ಬಂದವರ ಮೂಗು ಬಾಯಿಗೆ ರಬ್ಬರಿನ ಮಾಸ್ಕ್ ಬಿಗಿದು ಟ್ರೆಡ್‌ಮಿಲ್ ಮೇಲೆ ನಡೆಸುತ್ತೇವೆ. ಎರಡೆರಡು ನಿಮಿಷಕ್ಕೊಮ್ಮೆ ಏರು ಹೆಚ್ಚಿಸುತ್ತಾ ಹೋಗುತ್ತೇವೆ. ಇನ್ನು ಒಂದು ಹೆಜ್ಜೆಯೂ ಆಗದು ಎಂದು ಅವರು ಕೈ ಎತ್ತುವ ಹೊತ್ತಿಗೆ ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತಿದೆ ಎಂಬುದನ್ನು ನನ್ನ ಯಂತ್ರ ಹೇಳುತ್ತದೆ. ನಮ್ಮ ಮಾತಿನಲ್ಲಿ ಅದು ಉಸಿರಿನ ಅಂಕಿ. ಅಂಕಿ ಹೆಚ್ಚಿದ್ದಷ್ಟೂ ಆಳು ಗಟ್ಟಿ.

ಸೆಕೆಂಡಮ್ಮ ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಕರೆದರೆ “ಒಂದ್ ಸೆಕೆಂಡ್”, ಊಟಕ್ಕೆ ಎಬ್ಬಿಸಿದರೆ “ಒಂದ್ ಸೆಕೆಂಡ್”. ಹಾಗಾಗಿ ಆ ಹೆಸರನ್ನು ನಾನೇ ಇಟ್ಟೆ. ಅವಳ ಸಂಶೋಧನೆಯ ಪ್ರಶ್ನೆ ಸರಳವಾಗಿತ್ತು. ಅರವತ್ತು ದಾಟಿದ ಹೆಂಗಸರು ಹನ್ನೆರಡು ವಾರ ವ್ಯಾಯಾಮ ಮಾಡಿದರೆ ಉಸಿರಿನ ಅಂಕಿ ಎಷ್ಟು ಏರುತ್ತದೆ? ಅದಕ್ಕೆ ಹದಿನೆಂಟು ಜನ ಬೇಕು. ಒಂಬತ್ತು ಜನ ವಾರಕ್ಕೆ ಮೂರು ದಿನ ಬಂದು ವ್ಯಾಯಾಮ ಮಾಡಬೇಕು. ಉಳಿದ ಒಂಬತ್ತು ಜನ ಎಂದಿನಂತೆ ಮನೆಯಲ್ಲಿ ಇರಬೇಕು. ಇವರು ಇದ್ದಲ್ಲೇ ಇದ್ದು ಅವರು ಮೇಲಕ್ಕೇರಿದರೆ ತಾನೇ, ಏರಿದ್ದು ವ್ಯಾಯಾಮದಿಂದ ಎಂದು ಹೇಳಲು ಬರುವುದು! ಮನೆಯಲ್ಲಿರುವ ಒಂಬತ್ತು ಜನರಿಗೆ ಹೋಲಿಕೆಯ ಗುಂಪು ಎಂದು ಹೆಸರು.

ಥೀಸಿಸ್ ಕೊಡುವ ಗಡುವು ಒಮ್ಮೆ ಮುಗಿದು, ಹುಡುಗಿ ಕಾಡಿ ಬೇಡಿ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿಸಿಕೊಂಡಿದ್ದಳು. ಇನ್ನೊಮ್ಮೆ ಕೊಡುವುದಿಲ್ಲ ಎಂದು ಕಾಗದವೇ ಬಂದಿತ್ತು. ಈ ಹದಿನೆಂಟು ಹೆಂಗಸರ ಅಂಕಿಗಳು ಸರಿಯಾಗಿ ಬಂದರೆ ಡಿಗ್ರಿ, ಇಲ್ಲದಿದ್ದರೆ ಐದು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಹದಿನೆಂಟು ಜನರನ್ನೂ ನಮ್ಮ ಬಡಾವಣೆಯಿಂದ ಹಿಡಿದು ತಂದವಳು ನಾನೇ. ಅವರಲ್ಲಿ ಒಬ್ಬರು ನನ್ನ ಅತ್ತೆ. ಅರವತ್ತೆಂಟು ವಯಸ್ಸು. ನಲವತ್ತು ವರ್ಷ ಸ್ವಂತ ಅಂಗಡಿಯಲ್ಲಿ ಅಂಗಿ, ಕೋಟು ಹೊಲಿದವರು. ಅಂಗಡಿ ಮುಚ್ಚಿದ ಮೇಲೆ ಮಿಷನ್ನು ಮಾರಿದರು, ಕತ್ತರಿ ಮಾತ್ರ ನಾಲಿಗೆಯಲ್ಲಿ ಉಳಿಸಿಕೊಂಡರು. ಮನೆಯವರನ್ನು ಸೇರಿಸುವುದಕ್ಕೆ ನಮ್ಮ ಪ್ರೊಫೆಸರ್ ಒಪ್ಪಿದರು, ಆದರೆ ಎರಡು ಷರತ್ತು ಹಾಕಿದರು. ಅತ್ತೆಯನ್ನು ನಾನು ಅಳೆಯಕೂಡದು, ಸೆಕೆಂಡಮ್ಮನೇ ಅಳೆಯಬೇಕು. ಮತ್ತೆ, ಮನೆಯಲ್ಲಿ ಪ್ರಯೋಗದ ಸುದ್ದಿಯನ್ನೇ ಎತ್ತಕೂಡದು. ನಾನು ಕೊಟ್ಟ ಮಾತಿಗೆ ತಪ್ಪುವವಳಲ್ಲ. ಹನ್ನೆರಡು ವಾರ ಬಾಯಿಗೆ ಬೀಗ ಹಾಕಿಕೊಂಡೆ. ಎಡವಟ್ಟಾದದ್ದೇ ಅಲ್ಲಿ.

ಯಾರು ಯಾವ ಗುಂಪಿಗೆ ಎಂದು ತೀರ್ಮಾನಿಸಲು ಮುಚ್ಚಿದ ಲಕೋಟೆಗಳನ್ನು ಹಂಚಿದೆವು. ವ್ಯಾಯಾಮದ ಗುಂಪಿನವರಿಗೆ ಹೊಸ ಕ್ಯಾನ್ವಾಸ್ ಶೂ, ನೀಲಿ ಟೀ ಶರ್ಟು. ಹೋಲಿಕೆಯ ಗುಂಪಿನವರಿಗೆ ಒಂದು ಹಾಳೆ. ಅದರಲ್ಲಿ “ಎಂದಿನಂತೆ ಇರಿ” ಎಂದು ಅಚ್ಚಾಗಿತ್ತು. ಅತ್ತೆಯ ಕೈಗೆ ಹಾಳೆ ಬಂತು. ತಿರುಗಿಸಿ ಹಿಂದೆ ನೋಡಿದರು. ಅಲ್ಲಿ ಏನೂ ಇರಲಿಲ್ಲ.

“ಸುಮ್ನೆ ಕೂತ್ಕೊಳ್ಳಿ ಅಂತ ಹೇಳೋದಕ್ಕೆ ಇಷ್ಟು ದೂರ ಕರೆಸಿದ್ರಾ?” ಎಂದು ಕೇಳಿದರು.

“ಅದೂ ತುಂಬಾ ಮುಖ್ಯ ಅಮ್ಮ” ಎಂದಳು ಸೆಕೆಂಡಮ್ಮ. “ನಿಮ್ಮ ಅಂಕಿ ನಂಬ್ಕೊಂಡೇ ನನ್ನ ಡಿಗ್ರಿ ಇರೋದು.”

ಅತ್ತೆ ಮುಖ ಊದಿಸಿಕೊಂಡು ಮನೆಗೆ ಬಂದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಮೂರನೆಯ ದಿನದಿಂದ ಇದ್ದಕ್ಕಿದ್ದಂತೆ ಲವಲವಿಕೆ ಶುರುವಾಯಿತು. ಏನೋ ಒಂದು ರಾಗ ಗುನುಗುತ್ತಾರೆ, ನನ್ನನ್ನು ಬೇಗ ಬೇಗ ಕೆಲಸಕ್ಕೆ ಕಳಿಸುತ್ತಾರೆ. ಒಂದು ಸಂಜೆ ತಮ್ಮ ಪೈಜಾಮದ ಸೊಂಟ ಬಿಚ್ಚಿ ಎರಡು ಬೆರಳು ಒಳಕ್ಕೆ ಹಿಡಿದು ಹೊಲಿಯುತ್ತಿದ್ದರು. “ಬಟ್ಟೆ ಹಿಗ್ಗಿದೆ” ಎಂದರು. ನಲವತ್ತು ವರ್ಷ ಬಟ್ಟೆ ಹೊಲಿದವರು ಹೇಳಿದ ಮೇಲೆ ಹಿಗ್ಗಿರಬೇಕು ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಹನ್ನೆರಡು ವಾರ ಕಳೆದು ಕೊನೆಯ ಅಳತೆ ನಡೆಯಿತು. ವ್ಯಾಯಾಮದ ಗುಂಪಿನ ಅಂಕಿ ನೂರಕ್ಕೆ ಎಂಟರಷ್ಟು ಏರಿತ್ತು. ಸೆಕೆಂಡಮ್ಮ ಕುಣಿಯುವುದೊಂದು ಬಾಕಿ. ಆಮೇಲೆ ಹೋಲಿಕೆಯ ಗುಂಪು ಬಂತು. ಅವರ ಅಂಕಿ ನೂರಕ್ಕೆ ಹದಿಮೂರರಷ್ಟು ಏರಿತ್ತು. ಹುಡುಗಿಯ ಮುಖ ಬಿಳಿಚಿಕೊಂಡಿತು. ಆಗಲೇ ಅವಳು ಯಂತ್ರದ ಮಾತೆತ್ತಿದ್ದು.

“ಒಂದ್ ಸೆಕೆಂಡ್ ನಿಲ್ಲು” ಎಂದು ಅವಳ ಮಾತನ್ನೇ ಅವಳಿಗೆ ತಿರುಗಿಸಿ ಕೊಟ್ಟು ನಾನು ತೋಳು ಮಡಚಿದೆ. ಮೂರು ಲೀಟರ್ ಗಾಳಿ ಹಿಡಿಯುವ ದೊಡ್ಡ ಸಿರಿಂಜನ್ನು ಜೋಡಿಸಿ ಹತ್ತು ಬಾರಿ ಒತ್ತಿದೆ. ಹತ್ತು ಬಾರಿಯೂ ಯಂತ್ರ ಮೂರು ಎಂದಿತು. ಅಳತೆ ಗೊತ್ತಿರುವ ಗಾಳಿಯ ಸಿಲಿಂಡರ್ ಹಚ್ಚಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ, ನಾನೇ ಮಾಸ್ಕ್ ಬಿಗಿದುಕೊಂಡು ಟ್ರೆಡ್‌ಮಿಲ್ ಹತ್ತಿದೆ. ಸಾವಿರಾರು ಜನರನ್ನು ಅದರ ಮೇಲೆ ಓಡಿಸಿದ ನಾನು ಅವತ್ತಿನವರೆಗೆ ಒಮ್ಮೆಯೂ ಹತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಕಣ್ಣು ಕತ್ತಲಿಟ್ಟಿತು. ನನ್ನ ಅಂಕಿ ಇಪ್ಪತ್ಮೂರು ಪಾಯಿಂಟ್ ನಾಲ್ಕು.

“ಅಕ್ಕ, ತಪ್ಪು ತಿಳ್ಕೋಬೇಡಿ” ಎಂದಳು ಸೆಕೆಂಡಮ್ಮ ಹಾಳೆ ನೋಡುತ್ತಾ. “ನಿಮ್ಮ ಅತ್ತೆದು ಇಪ್ಪತ್ನಾಲ್ಕು ಪಾಯಿಂಟ್ ಒಂದು.”

ನನಗೆ ನಲವತ್ತೊಂಬತ್ತು ವಯಸ್ಸು. ಯಂತ್ರ ಸರಿಯಾಗಿದೆ ಎಂದು ಸಂತೋಷ ಪಡಬೇಕೋ, ಅತ್ತೆಯ ಮುಂದೆ ಸೋತದ್ದಕ್ಕೆ ಹೊಟ್ಟೆ ಉರಿದುಕೊಳ್ಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಆಮೇಲೆ ಪೈಜಾಮ ನೆನಪಾಯಿತು. ಹಿಗ್ಗಿದ್ದು ಬಟ್ಟೆಯಲ್ಲ, ಕುಗ್ಗಿದ್ದು ಸೊಂಟ. ಅಳತೆ ಮುಗಿದಿತ್ತು, ಇನ್ನು ಬಾಯಿಯ ಬೀಗ ತೆಗೆಯಬಹುದಿತ್ತು. ಮರುದಿನ ಅರ್ಧ ರಜೆ ಹಾಕಿ ಬೆಳಿಗ್ಗೆ ಹನ್ನೊಂದಕ್ಕೆ ಹೇಳದೆ ಕೇಳದೆ ಮನೆಗೆ ಬಂದೆ.

ನಮ್ಮದು ಐದು ಮಹಡಿಯ ಕಟ್ಟಡ. ಬಾಗಿಲು ದಾಟಿ ಲಿಫ್ಟಿನ ಗುಂಡಿ ಒತ್ತಬೇಕು, ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಗಲಗಲ ನಗು, ಧಪಧಪ ಹೆಜ್ಜೆಯ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಹೋಲಿಕೆಯ ಗುಂಪು ಸಾಲಾಗಿ ಮೆಟ್ಟಿಲು ಹತ್ತುತ್ತಿತ್ತು. ಎಲ್ಲರಿಗಿಂತ ಮುಂದೆ ಮೂವತ್ತು ವರ್ಷ ಕಾಗದ ಹಂಚಿದ ಅಂಚೆಯಮ್ಮ. ಅವರ ಹಿಂದೆ ನನ್ನ ಅತ್ತೆ. ಎಲ್ಲರಿಗಿಂತ ಕೊನೆಗೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ನಿವೃತ್ತರಾದ ಲೆಕ್ಕದ ಟೀಚರ್. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಅಂಗಿಯ ಗುಂಡಿ. ಮೆಟ್ಟಿಲ ಬುಡದಲ್ಲಿ ಅತ್ತೆಯ ಅಂಗಡಿಯ ಹಳೆಯ ತಗಡಿನ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು.

“ಅತ್ತೇ!” ಎಂದೆ. ನನ್ನ ದನಿ ಐದೂ ಮಹಡಿಗೆ ಕೇಳಿಸಿರಬೇಕು.

ಸಾಲು ನಿಂತಿತು. ಅತ್ತೆ ಕಂಬಿಯ ಮೇಲಿಂದ ಬಗ್ಗಿ ನೋಡಿದರು. “ಬಂದ್ಯಾ? ಒಂದು ಸುತ್ತು ಬಾಕಿ ಇದೆ, ಮುಗಿಸ್ಕೊಂಡು ಬರ್ತೀವಿ. ಒಳಗೆ ಕಾಫಿ ಇದೆ, ಬಿಸಿ ಮಾಡ್ಕೋ.”

ಕಾಫಿಯ ಮಾತು ಕೇಳಿ ಇನ್ನಷ್ಟು ಉರಿಯಿತು. ಲಿಫ್ಟಿನಲ್ಲಿ ಐದನೆಯ ಮಹಡಿಗೆ ಹೋಗಿ, ತಾರಸಿಯ ಬಾಗಿಲಲ್ಲಿ ಅವರನ್ನು ಅಡ್ಡಗಟ್ಟಿದೆ. ನೀರಿನ ಟ್ಯಾಂಕಿನ ಹಿಂದೆ ಸಾಲಾಗಿ ಗಾಜಿನ ಜಾಡಿಗಳಿದ್ದವು. ತುಂಬ ಗುಂಡಿಗಳು. ಬಿಳಿ, ಹಸಿರು, ಕಂದು, ಕೆಂಪು. ಒಬ್ಬೊಬ್ಬರೂ ಬಂದು ತಮ್ಮ ಗುಂಡಿ ಹಾಕಿದರು. ಟಿಣ್, ಟಿಣ್ ಎಂದು ಒಂಬತ್ತು ಸಲ ಸದ್ದಾಯಿತು.

“ಎಷ್ಟು ದಿನದಿಂದ ನಡೀತಿದೆ ಇದು?”

“ಲಕೋಟೆ ಕೊಟ್ಟ ಮೂರನೇ ದಿನದಿಂದ” ಎಂದರು ಅತ್ತೆ. ಅವರ ಉಸಿರು ನನ್ನದಕ್ಕಿಂತ ನಿಧಾನವಾಗಿತ್ತು, ನಾನು ಲಿಫ್ಟಿನಲ್ಲಿ ಬಂದಿದ್ದರೂ. “ದಿನಕ್ಕೆ ಒಂದು ಸಲ ಅಂತ ಶುರು ಮಾಡಿದ್ವಿ. ಈಗ ಆರು ಸಲ.”

“ಯಾರಿಗೆಲ್ಲ ಗೊತ್ತು?”

ಇಡೀ ಕಟ್ಟಡಕ್ಕೆ ಗೊತ್ತಿತ್ತು. ಕಾವಲಿನವನಿಗೆ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು. ಡಬ್ಬಿಯನ್ನು ಅಟ್ಟದಿಂದ ಇಳಿಸಿ ಕೊಟ್ಟವನೇ ಅವನಂತೆ.

“ನಿಮಗೆ ಸುಮ್ನೆ ಇರಿ ಅಂತ ತಾನೇ ಹೇಳಿದ್ದು?”

“ಹೇಗಮ್ಮ ಸುಮ್ನೆ ಇರೋದು?” ಅತ್ತೆಯ ದನಿಯೂ ಏರಿತು. “ಆ ಮಗು ನಮ್ಮ ಮುಂದೇನೇ ಹೇಳ್ಲಿಲ್ವಾ, ನಿಮ್ಮ ಅಂಕಿ ನಂಬ್ಕೊಂಡೇ ನನ್ನ ಡಿಗ್ರಿ ಇರೋದು ಅಂತ? ಆ ಕಡೆಯವರಿಗೆ ಶೂ ಇದೆ, ಹೇಳ್ಕೊಡೋರಿದಾರೆ, ಪಾಸಾಗ್ತಾರೆ. ನಮಗೆ ಒಂದು ಹಾಳೆ. ನಾವು ಕಡಿಮೆ ಅಂಕ ತಗೊಂಡು ಆ ಹುಡುಗೀನ ಫೇಲ್ ಮಾಡ್ಸೋದಾ? ನೀನಂತೂ ಬಾಯೇ ಬಿಡ್ಲಿಲ್ಲ. ಅದಕ್ಕೆ ನಾವೇ ಓದ್ಕೊಂಡು ಪರೀಕ್ಷೆಗೆ ಕೂತ್ವಿ.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಟ್ಯಾಂಕಿನ ಕಟ್ಟೆಯ ಮೇಲೆ ಕೂತು, ಹೋಲಿಕೆಯ ಗುಂಪು ಎಂದರೆ ಏನು ಎಂದು ಮೊದಲ ಸಲ ಅವರಿಗೆ ಬಿಡಿಸಿ ಹೇಳಿದೆ. ನೀವು ಇದ್ದಲ್ಲೇ ಇರುವುದೇ ಅವಳಿಗೆ ಬೇಕಾಗಿತ್ತು, ನೀವು ಏರಿದ್ದರಿಂದ ಅವಳ ಪ್ರಯೋಗ ಬಿದ್ದುಹೋಯಿತು ಎಂದೆ. ಹೇಳುತ್ತಾ ಹೋದಂತೆ ಒಂಬತ್ತು ಮುಖಗಳ ಬಣ್ಣ ಇಳಿಯಿತು.

“ಹಾಗಾದ್ರೆ ಆ ಮಗೂನ ನಾವೇ ಮುಳುಗಿಸಿದ್ವಾ?” ಎಂದರು ಅತ್ತೆ. ಅತ್ತೆಯ ಕಣ್ಣಲ್ಲಿ ನೀರು ನೋಡಿದ್ದು ನನ್ನ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅದೇ ಎರಡನೆಯ ಸಲ.

ಸೆಕೆಂಡಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. “ಅವರು ಯಾರೂ ಬಿದ್ದು ಪೆಟ್ಟು ಮಾಡ್ಕೊಂಡಿಲ್ಲ ತಾನೇ ಅಕ್ಕ?” ಎಂದಳು. ಡಿಗ್ರಿ ಕೊಡುವುದಾದರೆ ಆ ಮಾತಿಗೇ ಕೊಡಬೇಕಿತ್ತು.

ಮರುದಿನ ಬೆಳಿಗ್ಗೆ ಪ್ರೊಫೆಸರ್ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಅವರು ನಗುವುದು ವರ್ಷಕ್ಕೊಮ್ಮೆ, ಅದೂ ಫೋಟೋ ತೆಗೆಯುವವನು ಹೇಳಿದರೆ. ಕನ್ನಡಕ ತೆಗೆದು ಒರೆಸಿದರು. “ಈ ಒಂಬತ್ತು ಜನರನ್ನ ಹೋಲಿಕೆಯ ಗುಂಪು ಅಂತ ಕರೆಯೋಕಾಗಲ್ಲ. ಮುಚ್ಚಿಡೋ ಪ್ರಶ್ನೆ ಬರಲ್ಲ. ಹೊಸಬರನ್ನ ಹಿಡಿದು ಮತ್ತೆ ಹನ್ನೆರಡು ವಾರ ಮಾಡೋಕೆ ಟೈಮಿಲ್ಲ. ಥೀಸಿಸ್ ಕೊಡೋಕೆ ಉಳಿದಿರೋದು ಹತ್ತು ವಾರ.” ಸೆಕೆಂಡಮ್ಮ ತಲೆ ಆಡಿಸಿದಳು. ಅವಳು ರಾತ್ರಿಯೇ ಇದನ್ನೆಲ್ಲ ತನಗೆ ತಾನೇ ಹೇಳಿಕೊಂಡಿದ್ದಳು.

ಆಗ ಬಾಗಿಲು ದೂಡಿಕೊಂಡು ಅತ್ತೆ ಬಂದರು. ಹಿಂದೆ ಉಳಿದ ಎಂಟು ಜನ. ಪ್ರತಿಯೊಬ್ಬರ ಕೈಯಲ್ಲೂ ಚೀಲ. ಒಂದೊಂದಾಗಿ ಹನ್ನೆರಡು ಜಾಡಿಗಳನ್ನು ಪ್ರೊಫೆಸರ್ ಮೇಜಿನ ಮೇಲೆ ಇಟ್ಟರು. ಜಾಗ ಸಾಲದೆ ಅವರ ಟೀ ಲೋಟವನ್ನು ಅತ್ತೆ ತಾವೇ ಎತ್ತಿ ಕಿಟಕಿಯಲ್ಲಿಟ್ಟರು.

“ತಪ್ಪು ನಮ್ಮದು, ಆ ಮಗೂದಲ್ಲ. ಮಾಡಿದ್ದನ್ನೆಲ್ಲ ತಂದಿದೀವಿ. ವಾರಕ್ಕೊಂದು ಜಾಡಿ, ಒಬ್ಬೊಬ್ಬರಿಗೆ ಒಂದು ಬಣ್ಣ, ಒಂದು ಸಲ ಹತ್ತಿದ್ರೆ ಒಂದು ಗುಂಡಿ. ನೋಡಿ ಏನಾದ್ರೂ ಉಪಯೋಗಕ್ಕೆ ಬರುತ್ತಾ ಅಂತ.”

ಪ್ರೊಫೆಸರ್ ಒಂದು ಜಾಡಿ ಎತ್ತಿ ಬೆಳಕಿಗೆ ಹಿಡಿದರು. “ಗುಂಡಿ ಹಾಕೋಕೆ ಮೆಟ್ಟಿಲು ಹತ್ತಲೇಬೇಕು ಅಂತ ಇಲ್ವಲ್ಲಮ್ಮ. ಕೂತಲ್ಲೇ ಹಾಕ್ಬಹುದು.”

ಅತ್ತೆಯ ಮುಖ ಕೆಂಪಾಯಿತು. ಈಗ ಪ್ರೊಫೆಸರ್ ಗತಿ ಮುಗಿಯಿತು ಎಂದುಕೊಂಡೆ. ಆದರೆ ಉತ್ತರ ಕೊಟ್ಟವರು ಲೆಕ್ಕದ ಟೀಚರ್. “ಡಬ್ಬಿ ಕೆಳಗೆ, ಜಾಡಿ ತಾರಸಿ ಮೇಲೆ. ಕೈಯಲ್ಲಿ ಒಂದೇ ಗುಂಡಿ ಇರ್ಬೇಕು, ಜೇಬು ನಾನೇ ನೋಡ್ತಿದ್ದೆ. ಹತ್ತದೆ ಹಾಕೋದು ಹೇಗೆ, ನೀವೇ ಹೇಳಿ?”

“ಇವು ಯಾವುವು?” ಪ್ರೊಫೆಸರ್ ಜಾಡಿಯೊಳಗೆ ಬೆರಳು ತೋರಿಸಿದರು. ಬಣ್ಣದ ಗುಂಡಿಗಳ ನಡುವೆ ಅಲ್ಲೊಂದು ಇಲ್ಲೊಂದು ಪ್ರೆಸ್ ಬಟನ್ ಮಿನುಗುತ್ತಿದ್ದವು. ಒಂದೊಂದಕ್ಕೂ ಬಣ್ಣದ ದಾರ ಕಟ್ಟಿತ್ತು.

“ಅರ್ಧಕ್ಕೆ ನಿಂತವರದ್ದು” ಎಂದರು ಅತ್ತೆ. “ಸುಸ್ತಾಗಿ ಮಧ್ಯದಲ್ಲಿ ಕೂತ್ರೆ ಪೂರ್ತಿ ಗುಂಡಿ ಕೊಡೋಕಾಗುತ್ತಾ? ಮೇಲೆ ಹೋಗೋರು ಅವರ ಹೆಸರಲ್ಲಿ ಪ್ರೆಸ್ ಬಟನ್ ಹಾಕ್ತಿದ್ರು. ಯಾರದ್ದು ಅಂತ ದಾರದಲ್ಲಿ ಗೊತ್ತಾಗುತ್ತೆ.”

ಪ್ರೊಫೆಸರ್ ಜಾಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಸೆಕೆಂಡಮ್ಮ ಎದ್ದು ನಿಂತಿದ್ದಳು. “ಸರ್” ಎಂದಳು, “ಯಾರು ಎಷ್ಟು ಸಲ ಹತ್ತಿದ್ರು ಅನ್ನೋದು ಇದೆ. ಯಾರ ಅಂಕಿ ಎಷ್ಟು ಏರ್ತು ಅನ್ನೋದೂ ಇದೆ. ಒಂದ್ ಸೆಕೆಂಡ್, ಒಂದ್ ಸೆಕೆಂಡ್...”

ಆ ಸೆಕೆಂಡು ಎರಡು ದಿನ ಹಿಡಿಯಿತು. ಪ್ರಯೋಗಾಲಯದ ನೆಲದ ಮೇಲೆ ಬಿಳಿ ಬಟ್ಟೆ ಹಾಸಿ, ಹನ್ನೊಂದು ಹೆಂಗಸರು ಮಂಡಿಯೂರಿ ಗುಂಡಿ ಬೇರ್ಪಡಿಸಿದೆವು. ಅಂಚೆಯಮ್ಮನ ಕಂದು ಗುಂಡಿಗಳು ನಾನೂರ ಎರಡು, ಅವರ ಅಂಕಿಯೇ ಎಲ್ಲರಿಗಿಂತ ಹೆಚ್ಚು ಏರಿತ್ತು. ನೆಗಡಿ ಹಿಡಿದು ಮೂರು ವಾರ ಮಲಗಿದ್ದವರ ಹಸಿರು ಗುಂಡಿಗಳು ನೂರ ನಲವತ್ತೊಂದು, ಏರಿದ್ದೂ ಎಲ್ಲರಿಗಿಂತ ಕಡಿಮೆ. ಉಳಿದವರೆಲ್ಲ ಅವರಿಬ್ಬರ ನಡುವೆ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತರು. ಸೆಕೆಂಡಮ್ಮ ಗೋಡೆಯ ಹಲಗೆಯ ಮೇಲೆ ಒಂಬತ್ತು ಚುಕ್ಕೆ ಇಟ್ಟಳು. ಅವುಗಳ ನಡುವೆ ಲೆಕ್ಕದ ಟೀಚರ್ ಅಳತೆಪಟ್ಟಿ ಹಿಡಿದು ಗೆರೆ ಎಳೆದರು. ಒಂದು ಚುಕ್ಕೆಯೂ ಗೆರೆಯಿಂದ ದೂರ ಓಡಲಿಲ್ಲ.

“ನಾನು ಎರಡನೇದಾ?” ಎಂದು ಅತ್ತೆ ಅಂಚೆಯಮ್ಮನನ್ನು ದುರುಗುಟ್ಟಿ ನೋಡಿದರು.

ಪ್ರೊಫೆಸರ್ ಹಲಗೆಯ ಮುಂದೆ ನಿಂತು ಒಂದೊಂದು ಚುಕ್ಕೆಯ ಮೇಲೂ ಬೆರಳಿಟ್ಟು ನೋಡಿ, ಸೆಕೆಂಡಮ್ಮನ ಕಡೆ ತಿರುಗಿದರು. “ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ” ಎಂದರು. “ಕೇಳದೇ ಇದ್ದದ್ದಕ್ಕೆ ಸಿಕ್ಕಿದೆ. ಶೂ ಕೊಟ್ಟು ಕರೆದವರು ನಾಲ್ಕು ಸಲಕ್ಕೆ ಒಂದು ಸಲ ತಪ್ಪಿಸಿಕೊಂಡಿದಾರೆ. ಬೇಡ ಅಂದವರು ನೆಗಡಿ ಬಂದಾಗ ಬಿಟ್ಟು ಒಂದು ದಿನಾನೂ ತಪ್ಪಿಸಿಲ್ಲ. ನಡೆದದ್ದನ್ನ ನಡೆದ ಹಾಗೇ ಬರಿ, ಪ್ರಯೋಗ ಎಲ್ಲಿ ಕೆಟ್ಟಿತು ಅನ್ನೋದರಿಂದಲೇ ಶುರು ಮಾಡು. ಒಪ್ಪೋದು ಬಿಡೋದು ಪರೀಕ್ಷಕರಿಗೆ ಸೇರಿದ್ದು.” ಹೀಗೆ ಹೇಳಿ ಅವರು ನಕ್ಕರು. ಫೋಟೋ ತೆಗೆಯುವವರು ಯಾರೂ ಅಲ್ಲಿರಲಿಲ್ಲ.

ಹತ್ತು ವಾರ ಸೆಕೆಂಡಮ್ಮ ಬರೆದಳು. ಹತ್ತು ವಾರ ಅತ್ತೆಯ ಗುಂಪು ಮೆಟ್ಟಿಲು ಹತ್ತಿತು, ಈ ಸಲ ರಾಜಾರೋಷವಾಗಿ. ಥೀಸಿಸ್ ಹೋದ ಮೇಲೂ ನಿಲ್ಲಿಸಲಿಲ್ಲ. ಅತ್ತೆ ಹೊರಗೆ ತಮಾಷೆ ಮಾಡುತ್ತಿದ್ದರೂ ಒಳಗೆ ಕೊರಗು ಹಾಗೇ ಇತ್ತು. “ಪರೀಕ್ಷಕರು ಒಪ್ದೇ ಇದ್ರೆ?” ಎಂದು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು. ಒಂದು ದಿನ ದೊಡ್ಡ ಕಪ್ಪು ಕೋಟಿನ ಗುಂಡಿಯೊಂದನ್ನು ನನ್ನ ಮುಂದೆ ಹಿಡಿದು, “ನಿನಗೂ ಒಂದು ಬಣ್ಣ ತೆಗೆದಿಟ್ಟಿದೀನಿ, ಬಾ” ಎಂದರು. ನನಗೆಲ್ಲಿದೆ ಪುರುಸೊತ್ತು ಎಂದು ಜಾರಿಕೊಂಡೆ. ಸೆಕೆಂಡಮ್ಮನ ಬಾಯಿಂದ ತಿಳಿದ ನನ್ನ ಇಪ್ಪತ್ಮೂರು ಪಾಯಿಂಟ್ ನಾಲ್ಕನ್ನು ಅವರು ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ.

ಸೆಕೆಂಡಮ್ಮನ ಕೊನೆಯ ಮೌಖಿಕ ಪರೀಕ್ಷೆಯ ದಿನ ಬಂತು. ಒಳಗೆ ನನ್ನಂಥವರನ್ನು ಬಿಡುವುದಿಲ್ಲ. ರಜೆ ಹಾಕಿ ನಮ್ಮ ಮನೆಯ ಕಟ್ಟಡದ ಗೇಟಿನ ಹತ್ತಿರ ಫೋನ್ ಹಿಡಿದು ನಿಂತೆ, ಮೇಲೆ ಸಿಗ್ನಲ್ ಸಿಗುವುದಿಲ್ಲ. ಒಂಬತ್ತು ಜನರೂ ಬೆಳಿಗ್ಗೆಯೇ ಆರು ಸುತ್ತು ಮುಗಿಸಿ ತಾರಸಿಯಲ್ಲಿ ಕೂತಿದ್ದರು. ಕೆಳಗೆ ಬಂದರೆ ನಿನ್ನ ತಲೆ ತಿನ್ನುತ್ತೇವೆ ಎಂದು ಅವರೇ ಹೇಳಿದ್ದರು. ನಾನು ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ಎಷ್ಟು ಸಲ ತಿರುಗಿದೆನೋ ಲೆಕ್ಕವಿಲ್ಲ. ಹನ್ನೆರಡೂಕಾಲಿಗೆ ಫೋನ್ ಬಂತು. ಅವಳು ಹೇಳಿದ್ದು ನಾಲ್ಕೇ ಮಾತು. ನಾನು ಫೋನ್ ಜೇಬಿಗೆ ಹಾಕಿ ಓಡಿದೆ.

ಲಿಫ್ಟ್ ನೆನಪಾದದ್ದು ಮೂರನೆಯ ಮಹಡಿಯಲ್ಲಿ. ಅಷ್ಟರಲ್ಲಿ ಕಾಲು ಕಂಬವಾಗಿತ್ತು, ಎದೆ ಬಾಯಿಗೆ ಬಂದಿತ್ತು. ಆದರೂ ಅಷ್ಟು ಹತ್ತಿ ಲಿಫ್ಟಿಗೆ ಹೋಗುವುದು ಅವಮಾನ ಅನ್ನಿಸಿತು. ಕಂಬಿ ಹಿಡಿದು ಎಳೆದುಕೊಂಡು ಹೋದೆ. ತಾರಸಿಯ ಬಾಗಿಲು ದೂಡಿದಾಗ ಒಂಬತ್ತು ಜನರೂ ಎದ್ದು ನಿಂತರು. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಉಸಿರು ಬಿಟ್ಟರೆ ಬೇರೇನೂ ಬರಲಿಲ್ಲ.

ಅತ್ತೆ ನನ್ನ ಮುಖ ನೋಡಿದರು. ಕೇಳಬೇಕು, ಕೇಳಲು ಧೈರ್ಯವಿಲ್ಲ. ಜೇಬಿನಿಂದ ಆ ಕಪ್ಪು ಗುಂಡಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

“ಮೊದ್ಲು ಇದನ್ನ ಹಾಕು. ಹತ್ತಿದೀಯಲ್ಲ” ಎಂದರು.

ನಾನು ಬಗ್ಗಿ ಜಾಡಿಗೆ ಗುಂಡಿ ಹಾಕಿದೆ. ಟಿಣ್ ಎಂದಿತು. “ಪಾಸು” ಎಂದೆ.

ಒಂಬತ್ತು ಜನ ಒಟ್ಟಿಗೆ ಕಿರುಚಿದರು, ಪಾರಿವಾಳಗಳೆಲ್ಲ ಹಾರಿಹೋದವು. ಲೆಕ್ಕದ ಟೀಚರ್ ಅಂಚೆಯಮ್ಮನನ್ನು ಎತ್ತಿಯೇಬಿಟ್ಟರು. ಅತ್ತೆ ಮಾತ್ರ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು, ನಗುತ್ತಾ ಅಳುತ್ತಿದ್ದರು. ನಾನು ಹೋಗಿ ಅವರನ್ನು ತಬ್ಬಿಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಮಾಡದ್ದನ್ನು ಅವತ್ತು ಮಾಡಿದೆ.

“ಪರೀಕ್ಷಕರು ಏನಂದ್ರಂತೆ?” ಎಂದರು.

“ಜಾಡಿ ನೋಡ್ಬೇಕಂತೆ. ತಗೊಂಡು ಹೋಗೋಕೆ ಅವಳು ಇಲ್ಲಿಗೇ ಬರ್ತಿದಾಳೆ.”

ಅತ್ತೆ ಎದ್ದು ತಾರಸಿಯ ಅಂಚಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಗೇಟಿನ ಬಳಿ ಒಂದು ಗಾಡಿ ನಿಂತಿತು. ಇಸ್ತ್ರಿ ಮಾಡಿದ ಕೋಟು ತೊಟ್ಟ ಹುಡುಗಿ ಇಳಿದು, ತಲೆಯೆತ್ತಿ ನಮ್ಮ ಕಡೆ ಕೈಬೀಸಿದಳು. ಅತ್ತೆ ಎರಡೂ ಕೈ ಬಾಯಿಗೆ ಹಿಡಿದು ಇಡೀ ಬೀದಿಗೆ ಕೇಳುವಂತೆ ಕೂಗಿದರು.

“ಡಾಕ್ಟರಮ್ಮಾ! ಡಬ್ಬೀಲಿ ಒಂದು ಗುಂಡಿ ತಗೊಂಡು ಬಾ! ಲಿಫ್ಟ್ ಮುಟ್ಟಬೇಡ!”

“ಒಂದ್ ಸೆಕೆಂಡ್!” ಎಂದು ಕೆಳಗಿನಿಂದ ಉತ್ತರ ಬಂತು.